ಸ್ಪಾನ್ಸರ್ ಆದ ನಾನೇ ಹಿಯರಿಂಗ್‌ಗೆ ಇರಲಿಲ್ಲ, ಆದರೂ ಅಪೀಲು ಗೆದ್ದಿತು

ಹಿಯರಿಂಗ್‌ಗೆ ಸ್ಪಾನ್ಸರ್, ಅಂದರೆ ಬ್ರಿಟನ್‌ನಲ್ಲಿದ್ದು ಸಂಗಾತಿಯನ್ನು ಕರೆಸಿಕೊಳ್ಳುವವರು, ಬರದಿದ್ದರೆ ಸ್ಪೌಸ್ ವೀಸಾ ನಿರಾಕರಣೆಯ ಮೇಲಿನ ಅಪೀಲು ಮುಗಿದಂತೆಯೇ ಅಂತ ಬ್ರಿಟನ್‌ನಲ್ಲಿ ನನಗೆ ಹೇಳದವರಿಲ್ಲ. ಒಬ್ಬ ಸಾಲಿಸಿಟರ್ ಅಂತೂ ಎರಡೂವರೆ ಸಾವಿರ ಪೌಂಡ್ ಕೇಳಿ, ಜೊತೆಗೆ "ಗ್ಯಾರಂಟಿ ಇಲ್ಲ" ಅಂದರು. ಅಪೀಲು ಹಾಕಿದ್ದ ನನ್ನ ಹೆಂಡತಿ ಶಿವಮೊಗ್ಗದಲ್ಲಿ. ಹಿಯರಿಂಗ್ ದಿನ ನಾನೂ ಅಲ್ಲೇ ಇದ್ದೆ, ಅಪ್ಪನ ಹೃದಯದ ಆಪರೇಷನ್‌ಗೆ.

ನಮಗೆ ಬಂದ ನಿರಾಕರಣೆ ಪತ್ರದಲ್ಲಿ ಎರಡು ತಕರಾರು ಇದ್ದವು. ಆದಾಯದ್ದು ಬರೀ ಕಾಗದದ ಜಗಳ. ಸ್ಪಾನ್ಸರ್‌ಗೆ ವರ್ಷಕ್ಕೆ ಕನಿಷ್ಠ ಇರಬೇಕಾದ 29,000 ಪೌಂಡ್ ಆದಾಯದ ಮಿತಿ ದಾಟಿದ್ದೆ. ಆರು ತಿಂಗಳ ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿ ಪತ್ರ ಮೂರೂ ತಾಳೆಯಾದರೆ ಅಲ್ಲಿ ಯಾರೂ ಬಾಯಿ ಬಿಡಬೇಕಿಲ್ಲ. ಕಷ್ಟ ಇದ್ದದ್ದು ಎರಡನೆಯದರಲ್ಲಿ: ಈ ಮದುವೆ ನಿಜವೋ ನಾಟಕವೋ? ಅಲ್ಲಿ ಹೋಮ್ ಆಫೀಸ್ (ವೀಸಾ ನೋಡಿಕೊಳ್ಳುವ ಬ್ರಿಟನ್ ಸರ್ಕಾರದ ಇಲಾಖೆ) ಪರವಾಗಿ ಬರುವವರು ಹಿಡಿದು ಕೇಳುವುದು ಸ್ಪಾನ್ಸರನ್ನೇ.

ಮೊದಲು ದಿನಾಂಕ ಮುಂದೂಡಿ ಅಂತ ಅರ್ಜಿ ಹಾಕಿದೆ. 2014ರ ನ್ವೈಗ್ವೆ ಕೇಸನ್ನೂ ತೋರಿಸಿದೆ. ಮುಂದೂಡದಿದ್ದರೆ ವಿಚಾರಣೆ ನ್ಯಾಯವಾಗಿ ನಡೆಯುತ್ತದೆಯೇ ಎಂಬುದೇ ಮುಖ್ಯ ಅನ್ನುತ್ತದೆ ಅದು. ಆದರೂ ಅರ್ಜಿ ಬಿದ್ದುಹೋಯಿತು. ಆಮೇಲೆ ವಿಡಿಯೋ. ಶಿವಮೊಗ್ಗದಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರೆ ಆಯಿತಲ್ವಾ ಅಂದುಕೊಳ್ಳಬೇಡಿ. 2021ರ ಅಗ್ಬಾಬಿಯಾಕಾ ತೀರ್ಪಿನ ನಂತರ, ಬೇರೆ ದೇಶದಲ್ಲಿ ಕೂತು ಬಾಯಿಸಾಕ್ಷ್ಯ ಕೊಡಬೇಕಾದರೆ ಆ ದೇಶದ ಆಕ್ಷೇಪ ಇಲ್ಲ ಎಂಬುದು ಮೊದಲು ಖಚಿತವಾಗಬೇಕು. ಅಷ್ಟು ಸಮಯ ನನಗಿರಲಿಲ್ಲ. ಆದರೆ ಅದೇ ತೀರ್ಪು ಬರೆದುಕೊಟ್ಟ ಸಾಕ್ಷ್ಯಕ್ಕೆ ಈ ಅನುಮತಿ ಬೇಡ ಅನ್ನುತ್ತದೆ. ನನ್ನ ದಾರಿ ಹುಟ್ಟಿದ್ದು ಅಲ್ಲಿಂದ.

ನನಗೆ ಏನೇನು ಕೇಳಬಹುದೋ ಅದನ್ನೆಲ್ಲ ನಾನೇ ಮೊದಲೇ ಬರೆದುಬಿಡುವುದು, ಇಷ್ಟೇ ಉಪಾಯ. ಲೆಸ್ಟರ್‌ನಲ್ಲಿರುವ ನಮ್ಮ ಭಾವನನ್ನು ಎದುರು ಪಕ್ಷದ ಅಧಿಕಾರಿಯಾಗಿ ಕೂರಿಸಿದೆ. "ಕರುಣೆ ತೋರಿಸಬೇಡಿ ಭಾವ" ಅಂದಿದ್ದೆ, ಅವರೂ ತೋರಿಸಲಿಲ್ಲ. ಎಲ್ಲ ರೆಕಾರ್ಡ್ ಮಾಡಿಕೊಂಡೆ. ಒಂದೊಂದು ಉತ್ತರ ಒಂದೊಂದು ಪ್ಯಾರಾ ಆಯಿತು, ಪ್ರತಿ ಪ್ಯಾರಾದ ಕೊನೆಗೆ ಬಂಡಲ್‌ನ, ಅಂದರೆ ಕೋರ್ಟಿಗೆ ಕೊಡುವ ದಾಖಲೆಗಳ ಕಟ್ಟಿನ, ಪುಟಸಂಖ್ಯೆ. ಪುಟಸಂಖ್ಯೆ ಕೊಡಲಾಗದ ಸಾಲನ್ನು ಸಾಧ್ಯವಾದಷ್ಟೂ ಕಿತ್ತುಹಾಕಿದೆ. ಪ್ರಶ್ನೆಗೆ ಸಿಗದ ಹೇಳಿಕೆಗೆ ತೂಕ ಕಡಿಮೆ, ಅದಕ್ಕೇ ಕಾಗದದ ಆಸರೆ ಬೇಕು.

ಹೆಂಡತಿ ತನ್ನ ಹೇಳಿಕೆಯನ್ನು ನನ್ನದು ನೋಡದೆ ಕನ್ನಡದಲ್ಲೇ ಬರೆದಳು. ಸರ್ಟಿಫೈಡ್ ಅನುವಾದಕ್ಕೆ ನೂರೈವತ್ತು ಪೌಂಡ್ ಹತ್ತಿರ ಆಯಿತು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಸಣ್ಣಪುಟ್ಟ ವ್ಯತ್ಯಾಸ ಕಂಡವು. ನಿಶ್ಚಿತಾರ್ಥಕ್ಕೆ ಎಷ್ಟು ಜನ ಬಂದಿದ್ದರು ಅಂತ ಇಬ್ಬರ ಲೆಕ್ಕ ಬೇರೆ. ತಿದ್ದೋಣ ಅಂದಳು, ನಾನು ಬಿಡಲಿಲ್ಲ. ಅಚ್ಚು ಹೊಡೆದಂಥ ಎರಡು ಹೇಳಿಕೆಗಳನ್ನು ಯಾರು ನಂಬುತ್ತಾರೆ?

ವಾಟ್ಸಾಪ್‌ನಲ್ಲೂ ಒಂದು ಪ್ರಯೋಗ ಮಾಡಿದ್ದೆ. ಇಡೀ ಚಾಟ್ ಪ್ರಿಂಟ್ ಹಾಕಿದೆ, ಏಳೆಂಟು ನೂರು ಪುಟ. ಆಮೇಲೆ ಕರೆಗಳಿಗೆ ಬಣ್ಣಬಣ್ಣದ ಗ್ರಾಫ್. ಸುಮ್ನೆ ಇಂಕು ದಂಡ. ಕೊನೆಗೆ ತಿಂಗಳಿಗೊಂದು ಪುಟ ಚಾಟ್, ಕಾಲ್ ಲಾಗ್, ಪಾಸ್‌ಪೋರ್ಟಿನ ಸ್ಟಾಂಪುಗಳು ಇಷ್ಟೇ ಉಳಿಸಿದೆ.

ಯಾಕೆ ಬರಲಾಗಲಿಲ್ಲ ಅನ್ನುವುದಕ್ಕೆ ಬೇರೆಯೇ ಒಂದು ಹೇಳಿಕೆ ಮಾಡಿದೆ. ಅದಕ್ಕೆ ಅಪ್ಪನ ಅಡ್ಮಿಷನ್ ಪತ್ರ, ನಾನೇ ಸಹಿ ಹಾಕಿದ ಆಪರೇಷನ್ ಒಪ್ಪಿಗೆ, ಬೋರ್ಡಿಂಗ್ ಪಾಸ್ ಲಗತ್ತಿಸಿದೆ. ಕೊನೆಯಲ್ಲಿ ಎದುರು ಪಕ್ಷಕ್ಕೆ ಒಂದು ಕೋರಿಕೆಯ ಸಾಲನ್ನೂ ಸೇರಿಸಿದ್ದೆ. ಅದೇನು ಅಂತ ಇಲ್ಲಿ ಬಿಚ್ಚಿಡುವುದಿಲ್ಲ, ಕಷ್ಟಪಟ್ಟು ಕಂಡುಕೊಂಡದ್ದು.

ಕೋರ್ಟಿಗೆ ಹೋದವರು ಭಾವ ಮತ್ತು ಡೈರೆಕ್ಟ್ ಆಕ್ಸೆಸ್‌ನಲ್ಲಿ, ಅಂದರೆ ನಡುವೆ ಸಾಲಿಸಿಟರ್ ಇಲ್ಲದೆ ನೇರವಾಗಿ, ಆ ಒಂದು ದಿನಕ್ಕೆ ಹಿಡಿದ ಬ್ಯಾರಿಸ್ಟರ್ (ಕೋರ್ಟಿನಲ್ಲಿ ವಾದಿಸುವ ವಕೀಲ). ಆತನ ಫೀ ಒಂಬೈನೂರು ಪೌಂಡ್ ಆಸುಪಾಸು. ಆತನಿಗೂ ಹಿಂದಿನ ದಿನದವರೆಗೆ ನಂಬಿಕೆ ಇರಲಿಲ್ಲ. ಭಾವ ನಮ್ಮ ಮದುವೆಗೆ ಬಂದಿದ್ದವರು, ಕಣ್ಣಾರೆ ಕಂಡದ್ದನ್ನಷ್ಟೇ ಹೇಳಿದರು. ಸ್ಪಾನ್ಸರನ್ನು ಪ್ರಶ್ನಿಸಲು ಆಗಿಲ್ಲ ಅಂತ ಎದುರಿನವರು ಎತ್ತಿದ್ದು ನಿರೀಕ್ಷಿಸಿದ್ದೇ. ಹಾಗಾದರೆ ಯಾವ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ, ಹೇಳಿ ಅಂದರು ನಮ್ಮ ಬ್ಯಾರಿಸ್ಟರ್. ಎದುರಿನವರು ಒಂದನ್ನು ಹೇಳಿದರು. ಅದೂ ಹೇಳಿಕೆಯಲ್ಲಿತ್ತು! ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತಂತೆ.

ತೀರ್ಪಿನಲ್ಲಿ ನನ್ನ ಗೈರಿಗೆ ಕೊಟ್ಟ ಕಾರಣವನ್ನು ಒಪ್ಪಿದ್ದರು. ಅಪೀಲಿಗೆ ಕಟ್ಟಿದ್ದ 140 ಪೌಂಡನ್ನೂ ವಾಪಸ್ ಕೊಡಿಸಿದರು. ಹೋಮ್ ಆಫೀಸ್‌ಗೆ ಮೇಲಿನ ಟ್ರಿಬ್ಯೂನಲ್‌ಗೆ ಹೋಗಲು ಅನುಮತಿ ಕೇಳುವುದಕ್ಕೆ ಒಂದಿಷ್ಟು ದಿನ ಇರುತ್ತದೆ. ಅದು ಮುಗಿಯುವವರೆಗೆ ಮಾತ್ರ ನಿದ್ದೆ ಬರಲಿಲ್ಲ.

ಗೆದ್ದ ಮೇಲೂ ಖರ್ಚು ಇದೆ. ವೀಸಾಕ್ಕೆ ಕೊಡುವ, ಟಿಬಿ ಇಲ್ಲ ಎಂಬ ಸರ್ಟಿಫಿಕೇಟ್ ಆರು ತಿಂಗಳಿಗೆ ಮುಗಿದಿರುತ್ತದೆ, ಮತ್ತೆ ಮಾಡಿಸಬೇಕು. ವೀಸಾ ಸಿಗದಿದ್ದಾಗ ವಾಪಸ್ ಬರುವ ಹೆಲ್ತ್ ಸರ್ಚಾರ್ಜ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ವೀಸಾ ಅರ್ಜಿಯ ಜೊತೆ ಕಟ್ಟುವ ಹಣ) ಇದೆಯಲ್ಲ, ಆ 3,105 ಪೌಂಡನ್ನು ಮುಟ್ಟಬೇಡಿ, ಪುನಃ ಕಟ್ಟುವುದಿರುತ್ತದೆ. ನನ್ನದು ಟಿಕೆಟ್ಟು, ಆಸ್ಪತ್ರೆ ಅಂತ ಕರಗಿಹೋಗಿತ್ತು. ಭಾವನ ಹತ್ತಿರ ಸಾಲ ತೆಗೆದು ಕಟ್ಟಿದೆ, ಇನ್ನೂ ತೀರಿಸುತ್ತಿದ್ದೇನೆ.