ಮಳೆ ನೀರಲ್ಲಿ ನಿಯಾನ್ ಟೆಟ್ರಾ: ನನ್ನ ಅನುಭವ

ಬೆಂಗಳೂರಿನ ಬೋರ್ ನೀರಲ್ಲಿ ನಿಯಾನ್ ಟೆಟ್ರಾ (ನೀಲಿ, ಕೆಂಪು ಪಟ್ಟಿಯ ಪುಟ್ಟ ಅಕ್ವೇರಿಯಂ ಮೀನು) ಉಳಿಯಲ್ಲ ಅಂತ ನನಗೆ ಹೇಳದವರೇ ಇಲ್ಲ. ಮಳೆ ನೀರು ಹಿಡಿದು ಹಾಕ್ತೀನಿ ಅಂದಾಗಲಂತೂ "ಇರೋ ಮೀನೂ ಹೋಗುತ್ತೆ ಮೇಡಂ" ಅಂದರು. ಈಗ ನನ್ನ ಮೂರಡಿ ಟ್ಯಾಂಕಿನಲ್ಲಿ 31 ನಿಯಾನ್ ಇವೆ. ಅದರಲ್ಲಿ 28 ಒಂದೇ ಲಾಟಿನವು, ಅಂದರೆ ಒಟ್ಟಿಗೆ ತಂದವು. ತಂದು ಎರಡೂವರೆ ವರ್ಷ ದಾಟಿತು. ತಂದಿದ್ದು 35.

ಅದಕ್ಕೂ ಮುಂಚೆ ನೂರಕ್ಕೂ ಜಾಸ್ತಿ ಮೀನು ಕಳೆದುಕೊಂಡಿದ್ದೇನೆ. ಆಗ ಒಂದಕ್ಕೆ 30 ರೂಪಾಯಿ. ಔಷಧಿಯೂ ಸೇರಿ ಐದು ಸಾವಿರದ ಹತ್ತಿರ ಹೋಗಿರಬೇಕು. ನಮ್ಮ ಬೋರ್ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 800ರ ಆಸುಪಾಸು, ಪಿಎಚ್ ಎಂಟರ ಹತ್ತಿರ. ಬ್ಯಾಕ್ಟೀರಿಯಾದ ಕಾಯಿಲೆ ಅಂತ ಒಬ್ಬರು, ನಿಯಾನ್ ರೋಗ ಅಂತ ಇನ್ನೊಬ್ಬರು. ಎರಡು ಬಾಟಲಿ ಔಷಧಿ ಹಾಕಿದ ಮೇಲೆ, ತಪ್ಪು ನೀರಿನಲ್ಲೇ ಇದೆ ಅನ್ನಿಸಿತು. ಆರ್‌ಒ ನೀರನ್ನೂ ನೋಡಿದೆ. ಒಂದು ಬಕೆಟ್ ಬರುವಷ್ಟರಲ್ಲಿ ಮೂರು ಬಕೆಟ್ ಚರಂಡಿಗೆ ಹೋಗುತ್ತಿತ್ತು. ಮನಸ್ಸು ಒಪ್ಪಲಿಲ್ಲ.

ಮೊದಲ ಸಲ ತಾರಸಿಯ ಪೈಪಿನಿಂದ ಹಿಡಿದೆ. ಟಿಡಿಎಸ್ ಮೀಟರ್ ಇಟ್ಟರೆ 90. ಮಳೆ ನೀರಿಗೆ ಇಷ್ಟು ಹೇಗೆ ಅಂತ ತಲೆ ಕೆಡಿಸಿಕೊಂಡೆ. ಸಿಮೆಂಟಿನ ಸುಣ್ಣ ಬಿಡುತ್ತಿತ್ತು ಅಷ್ಟೇ. ಮೆಟ್ಟಿಲ ಮೇಲಿನ ಪಾಲಿಕಾರ್ಬೊನೇಟ್ ಶೀಟಿನಿಂದ ಹಿಡಿದಾಗ 15 ಬಂತು. ತಗಡಿನ ಶೀಟಿನಿಂದ ಮಾತ್ರ ಹಿಡಿಯಬೇಡಿ, ಸತು ಬಿಡುತ್ತದೆ. ವರ್ಷದ ಮೊದಲ ಎರಡು ಮಳೆ ನಾನು ಮುಟ್ಟುವುದಿಲ್ಲ. ಆಮೇಲೂ ಪ್ರತಿ ಮಳೆಯ ಮೊದಲ ಹತ್ತು ನಿಮಿಷದ ನೀರು ಗಿಡಗಳಿಗೆ. ಹಳೇ ಕಾಟನ್ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸುತ್ತೇನೆ. ಆರಿದ್ರಾ ಮಳೆ ಹೊತ್ತಿಗೆ ನೀರು ಕನ್ನಡಿಯ ಹಾಗೆ ಬರುತ್ತದೆ.

ದೊಡ್ಡ ಪೆಟ್ಟು ಬಿದ್ದಿದ್ದು ಇದಾದ ಮೇಲೆ. ಇಷ್ಟು ಒಳ್ಳೆ ನೀರಿದೆಯಲ್ಲ ಅಂತ ಪೂರ್ತಿ ಮಳೆ ನೀರನ್ನೇ ಹಾಕಿಬಿಟ್ಟೆ. ಮೂರು ವಾರ ಮೀನು ಹೊಳೆದವು. ನಾಲ್ಕನೇ ವಾರ ಒಂದೇ ರಾತ್ರಿ 11 ಸತ್ತವು. ಪಿಎಚ್ ಐದಕ್ಕೆ ಕುಸಿದಿತ್ತು. ಹಿಡಿದಿಡಲು ಆ ನೀರಿನಲ್ಲಿ ಕೆಎಚ್ (ಪಿಎಚ್ ಬೀಳದಂತೆ ತಡೆಯುವ ಕಾರ್ಬೊನೇಟ್ ಅಂಶ) ಎಲ್ಲಿತ್ತು? ಆವತ್ತು ಬೆಳಿಗ್ಗೆ ಅವನ್ನು ಎತ್ತುವಾಗ ಅತ್ತೆ. ಮತ್ತೆ ಎರಡು ತಿಂಗಳು ಮೀನು ತರಲಿಲ್ಲ.

ಅಲ್ಲಿಂದ ನಾಲ್ಕು ಪಾಲು ಮಳೆ ನೀರು, ಒಂದು ಪಾಲು ಬೋರ್ ನೀರು. ಟಿಡಿಎಸ್ 170, 180ಕ್ಕೆ ನಿಲ್ಲುತ್ತದೆ, ಪಿಎಚ್ ಏಳಕ್ಕಿಂತ ಚೂರು ಕೆಳಗೆ. ವಾರಕ್ಕೆ ಸುಮಾರು 30 ಲೀಟರ್ ಬದಲಾಯಿಸುತ್ತೇನೆ, ಅಂದರೆ 24 ಲೀಟರ್ ಮಳೆ ನೀರು. 200 ಲೀಟರಿನ ಮೂರು ನೀಲಿ ಡ್ರಮ್ ಇದ್ದರೆ ಡಿಸೆಂಬರಿನಿಂದ ಮೇವರೆಗೆ ಸಾಕು. ಒಂದು ಡ್ರಮ್ಮಿಗೆ 1,200 ಕೊಟ್ಟ ನೆನಪು. 2024ರ ಬೇಸಿಗೆಯಲ್ಲಿ ಬೀದಿಗೆಲ್ಲ ಟ್ಯಾಂಕರ್ ಬರುತ್ತಿದ್ದಾಗ ವಾರಕ್ಕೆ 15 ಲೀಟರಿಗೆ ಇಳಿಸಿದೆ, ಮೀನಿನ ಊಟವನ್ನೂ ಅರ್ಧ ಮಾಡಿದೆ. ಒಂದೂ ಸಾಯಲಿಲ್ಲ. ಇದು ನನಗೆ ನಿಜಕ್ಕೂ ಹೆಮ್ಮೆಯ ವಿಷಯ.

ಲಾಟ್ ಬಗ್ಗೆ ಒಂದು ಮಾತು. ಚೆನ್ನೈನ ಕೊಳತ್ತೂರಿನ ಬಣ್ಣದ ಮೀನಿನ ಮಾರುಕಟ್ಟೆಯಿಂದ ಅಂಗಡಿಗೆ ಬಂದ ದಿನವೇ ಮೀನು ತರಬೇಡಿ. ನಾನು ಅಡ್ವಾನ್ಸ್ ಕೊಟ್ಟು ಒಂದು ವಾರ ಅಂಗಡಿಯಲ್ಲೇ ಇರಿಸುತ್ತೇನೆ. ಉಳಿದದ್ದು ಉಳಿಯುವ ಮೀನು. ಮನೆಯಲ್ಲಿ ಮತ್ತೆ ಮೂರು ವಾರ ಬೇರೆ ಟಬ್, ಸ್ಪಾಂಜ್ ಫಿಲ್ಟರ್. ತಂದರೆ 30 ಮೀನಿನ ಮೇಲೇ ತನ್ನಿ. ಆರು ಸಾಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆರು ತಂದಾಗ ಮೂಲೆ ಬಿಟ್ಟು ಬರಲಿಲ್ಲ. ಇನ್ನೊಂದು, ಒಟ್ಟಾಗಿ ಅಂಟಿಕೊಂಡು ಈಜಿದರೆ ನೋಡುವವರಿಗೆ ಖುಷಿ, ಆದರೆ ಅದು ಹೆದರಿಕೆಯ ಗುರುತು. ನನ್ನವು ಈಗ ಟ್ಯಾಂಕಿನ ತುಂಬ ಚದುರಿಕೊಂಡು ತಿರುಗುತ್ತವೆ. ಕಾಲಿಂಗ್ ಬೆಲ್ ಆದರೆ ಮಾತ್ರ ಗುಂಪಾಗುತ್ತವೆ.

ಮೀನಿಗೆ ಒಳ್ಳೆಯದು ಅಂತ ಒಣಗಿದ ಕಾಡು ಬಾದಾಮಿ ಎಲೆ ಎಲ್ಲರೂ ಹಾಕುತ್ತೀರಿ. ನಾನು ಸೀಬೆ ಎಲೆಯನ್ನೂ ಹಾಕಿ ನೋಡಿದೆ. ನೀರಿನ ಮೇಲೆ ಪೊರೆ ಕಟ್ಟಿತು, ಅಷ್ಟೇ. ಬಿಟ್ಟೆ.

ಕಳೆದ ಮಳೆಗಾಲ ಒಂದು ಜೋಡಿಯನ್ನು ಹತ್ತು ಲೀಟರಿನ ಟಬ್ಬಿನಲ್ಲಿ ಬಿಟ್ಟೆ. ದೊಡ್ಡ ಟ್ಯಾಂಕಿಗೆ ಆಗದಿದ್ದರೂ ಮೊಟ್ಟೆಗೆ ಪೂರ್ತಿ ಮಳೆ ನೀರೇ ಬೇಕು. ಎರಡು ಬಾದಾಮಿ ಎಲೆ ಹಾಕಿ ಬೆಳಕು ಬೀಳದ ಹಾಗೆ ಸುತ್ತ ಕಪ್ಪು ಬಟ್ಟೆ ಮುಚ್ಚಿದೆ. ಅರವತ್ತು ಮೊಟ್ಟೆ ಇದ್ದಿರಬಹುದು. ಮುಕ್ಕಾಲು ಪಾಲಿಗೆ ಬೂಷ್ಟು ಹಿಡಿಯಿತು. ಉಳಿದವು ಒಂದು ದಿನದಲ್ಲಿ ಒಡೆದವು, ಐದನೇ ದಿನ ಏಳು ಮರಿ ಈಜಿದವು. ಮೊದಲ ವಾರ ಏನು ತಿನ್ನಿಸಿದೆ ಅನ್ನುವುದನ್ನು ಈಗ ಹೇಳುವುದಿಲ್ಲ, ಈ ಮಳೆಗಾಲದಲ್ಲಿ ಇನ್ನೊಮ್ಮೆ ಆಗಲಿ. ಮರಿಗಳ ಊಟಕ್ಕೆ ಸೂಕ್ಷ್ಮಜೀವಿ ಬೆಳೆಸಲು ಬಾಳೆಹಣ್ಣಿನ ಸಿಪ್ಪೆ ಕೊಳೆಸುತ್ತಾರಲ್ಲ, ಆ ನೀರಂತೂ ಅಲ್ಲ. ಏಳರಲ್ಲಿ ಮೂರು ಉಳಿದವು. ಕೆಂಪು ಪಟ್ಟಿ ಬಂದ ಮೇಲೆ ದೊಡ್ಡ ಟ್ಯಾಂಕಿಗೆ ಬಿಟ್ಟೆ. ಒಂದು ತಿಂಗಳು ಗುರುತು ಹಿಡಿಯುತ್ತಿದ್ದೆ. ಈಗ ಯಾವುದು ಯಾವುದು ಅಂತ ನನಗೂ ಗೊತ್ತಾಗುವುದಿಲ್ಲ.