ರಾತ್ರಿ ಸ್ಕ್ರಬ್ಬರ್ ಆಫ್ ಮಾಡ್ತಿದ್ರು, ಮೀಟರ್ ಸಿಕ್ಕಿಸಿಹಾಕ್ತು: ನನ್ನ ಅನುಭವ

"ಎಂಐಡಿಸಿ ವಾಸನೆ ಹೋಗೋದಿಲ್ಲ ಮಾರಾಯ್ರೆ, ನಾವೇ ಮನೆ ಬಿಟ್ಟು ಹೋಗ್ಬೇಕಷ್ಟೆ" ಅಂತಿದ್ರು ನಮ್ಮ ಬಿಲ್ಡಿಂಗ್ ಕೆಳಗಿನ ಹೋಟ್ಲು ಶೆಟ್ರು. ಎಂಐಡಿಸಿ ಅಂದ್ರೆ ಇಲ್ಲಿನ ಕೈಗಾರಿಕಾ ಪ್ರದೇಶ. ಈಗ ಬಂದವರಿಗೆಲ್ಲ ಅವರೇ ನನ್ನ ತೋರಿಸ್ತಾರೆ. ಮುಂಬೈ ಹತ್ತಿರದ ಡೊಂಬಿವಲಿ ಈಸ್ಟ್‌ನಲ್ಲಿ, ರಾತ್ರಿ ಆಸಿಡ್ ಹೊಗೆ ಬಿಡ್ತಿದ್ದ ಒಂದು ಕೆಮಿಕಲ್ ಫ್ಯಾಕ್ಟರಿ ಜೊತೆ ಎರಡು ವರ್ಷ ಒದ್ದಾಡಿದ್ದು ಸಾರ್ಥಕ ಆಯ್ತು.

ಮೊದಲ ವರ್ಷ ಪೂರ್ತಿ ವೇಸ್ಟ್. ಕಂಪ್ಲೇಂಟ್ ಕೊಟ್ರೆ ಮಾಲಿನ್ಯ ನಿಯಂತ್ರಣ ಮಂಡಳಿ ಆಫೀಸಿನವರು ಬರೋದು ಬೆಳಿಗ್ಗೆ ಹನ್ನೊಂದಕ್ಕೆ, ಆಗ ಸ್ಕ್ರಬ್ಬರ್ (ಹೊಗೆಯಲ್ಲಿನ ಆಸಿಡ್ ತೊಳೆಯೋ ಯಂತ್ರ) ಓಡ್ತಿರುತ್ತೆ, ರಿಪೋರ್ಟ್ ಕ್ಲೀನ್. ಚಳಿಗಾಲದ ರಾತ್ರಿ ಗಾಳಿ ಪೂರ್ವದಿಂದ ಕಡಲ ಕಡೆ ತಿರುಗುತ್ತೆ, ಹೊಗೆ ಮೇಲೇಳದೆ ನಮ್ಮ ಕಿಟಕಿಗೇ ಬರುತ್ತೆ, ಮಕ್ಕಳು ಕೆಮ್ಮಿ ಕೆಮ್ಮಿ ಎದ್ದು ಕೂರ್ತಿದ್ವು. ಗಾಳಿಯಲ್ಲಿನ ಧೂಳಿನ ಕಣ ಅಳೆಯೋ 9 ಸಾವಿರದ ಪಿಎಂ ಸೆನ್ಸರ್ ತಂದೆ, ಆಸಿಡ್ ಗ್ಯಾಸ್ ಅದರ ಕಣ್ಣಿಗೇ ಬೀಳಲ್ಲ. ಟೆಡ್ಲರ್ ಬ್ಯಾಗ್ ಅನ್ನೋ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಡಿದು ಲ್ಯಾಬಿಗೆ ಕಳಿಸಿದೆ, ಒಂದು ಸ್ಯಾಂಪಲ್‌ಗೆ ಹತ್ತಿರ ಹತ್ತಿರ 12 ಸಾವಿರ, ಆಸಿಡ್ ಬ್ಯಾಗಿನ ಗೋಡೆಗೇ ಅಂಟ್ಕೊಂಡು ರಿಪೋರ್ಟ್ ಖಾಲಿ ಬಂತು. ಬಂದಿದ್ರೂ ಕೋರ್ಟಲ್ಲಿ ನಿಲ್ತಿರ್ಲಿಲ್ಲ, 1981ರ ವಾಯು ಕಾಯ್ದೆ 26ನೇ ಸೆಕ್ಷನ್ ಪ್ರಕಾರ ಫ್ಯಾಕ್ಟರಿಗೆ ನೋಟಿಸ್ ಕೊಟ್ಟು ಅಧಿಕಾರಿ ತೆಗೆದು ಸೀಲ್ ಮಾಡಿದ ಸ್ಯಾಂಪಲ್ಲೇ ಬೇಕು.

ಕೆಲಸಕ್ಕೆ ಬಂದಿದ್ದು ಆಸಿಡ್ ತಾಗಿದ್ರೆ ಕೆಂಪಾಗೋ ನೀಲಿ ಲಿಟ್ಮಸ್ ಕಾಗದ, ಒಂದು ಕಟ್ಟಿನ ಬೆಲೆ ನೂರು ರೂಪಾಯಿನೂ ಇಲ್ಲ. ಆರು ಮನೆ ಬಾಲ್ಕನಿಯಲ್ಲಿ ಒದ್ದೆ ಪಟ್ಟಿ ಕಟ್ಟಿಸಿ ಗಂಟೆಗೊಂದು ಫೋಟೋ ತೆಗೆಸಿದೆ, ಹನ್ನೊಂದರ ಮೇಲೆ ಕೆಂಪು, ಬೆಳಗಿನ ಜಾವ ಐದೂವರೆ ಆದ್ಮೇಲೆ ಹೊಸ ಪಟ್ಟಿ ಕಟ್ಟಿದ್ರೆ ನೀಲಿನೇ. ಒಣಗದ ಹಾಗೆ ಏನು ಹಚ್ಚಿದೆ ಅನ್ನೋದು ನನ್ನ ಹತ್ರನೇ ಇರ್ಲಿ. ಮಳೆಗಾಲದಲ್ಲೂ ಟ್ರೈ ಮಾಡಿದೆ, ಒಂದೂ ಪಟ್ಟಿ ಉಳೀಲಿಲ್ಲ.

ಆಮೇಲೆ 10 ರೂಪಾಯಿ ಆರ್‌ಟಿಐ ಹಾಕಿ ಫೈಲ್ ನೋಡಿದೆ. ಮಂಡಳಿ ಫ್ಯಾಕ್ಟರಿಗೆ ಕೊಟ್ಟ ಅನುಮತಿ ಪತ್ರದಲ್ಲಿ (ಕನ್ಸೆಂಟ್) ಸ್ಕ್ರಬ್ಬರ್‌ಗೆ ಬೇರೆ ಕರೆಂಟ್ ಮೀಟರ್ ಇರ್ಬೇಕು ಅನ್ನೋ ಷರತ್ತಿತ್ತು, ಆ ಮೀಟರಿನ ಲಾಗ್ ಶೀಟೂ ಇತ್ತು. ಸ್ಕ್ರಬ್ಬರಿನ ಏಳೂವರೆ ಎಚ್‌ಪಿ ಪಂಪು ಇಪ್ಪತ್ತನಾಲ್ಕು ಗಂಟೆ ಓಡಿದ್ರೆ 130 ಚಿಲ್ಲರೆ ಯೂನಿಟ್ ಆಗ್ಬೇಕು, ಅಲ್ಲಿ ದಿನಾ ನೂರರ ಒಳಗೇ. ಕಮ್ಮಿಯಾದ ಗಂಟೆಗಳೂ ನಮ್ಮ ಕೆಂಪು ಪಟ್ಟಿ ಗಂಟೆಗಳೂ ಸರಿಯಾಗಿ ಹೊಂದಿದ್ವು!

ಎರಡನ್ನೂ ಒಂದೇ ಹಾಳೆಯಲ್ಲಿ ಹಾಕಿ ಕೊಟ್ಟೆ. ಅಧಿಕಾರಿ ರಾತ್ರಿ ಎರಡಕ್ಕೆ ಬಂದ್ರು, ಪಂಪಿನ ಮೋಟಾರ್ ಮೇಲೆ ಅಂಗೈ ಇಟ್ರು, ತಣ್ಣಗಿತ್ತು. ಅದೇ ವಾಯು ಕಾಯ್ದೆಯ 31ಎ ಸೆಕ್ಷನ್ ಕೆಳಗೆ ಆರ್ಡರ್ ಆಗಿ ಫ್ಯಾಕ್ಟರಿ ಕರೆಂಟ್ ಕಟ್. ಮೂರು ವಾರದ ಮೇಲೆ ಶುರು ಮಾಡಿದಾಗ ಸ್ಕ್ರಬ್ಬರ್ ನಿಂತ್ರೆ ಕೆಮಿಕಲ್ ತಯಾರಾಗೋ ರಿಯಾಕ್ಟರೂ ನಿಲ್ಲೋ ಹಾಗೆ ಇಂಟರ್‌ಲಾಕ್ ಹಾಕಿಸಿದ್ರು.

ಪಟ್ಟಿ ಈಗ್ಲೂ ಕಟ್ತೀನಿ, ಬೆಳಿಗ್ಗೆ ನೋಡಿದ್ರೆ ನೀಲಿ. ಹಿಂದಿನ ಬೀದಿ ಸಾಲ್ವೆಂಟ್ ವಾಸನೆ ಮಾತ್ರ ಬಾಕಿ ಇದೆ, ಅದಕ್ಕೆ ಲಿಟ್ಮಸ್ ಆಗಲ್ಲ, ಬೇರೆ ಏನೋ ನೋಡ್ತಿದ್ದೀನಿ.