ಹಾರ್ಡ್ ಡಿಸ್ಕಿನ ಕಪಾಟು ಖಾಲಿ ಮಾಡಿದ್ದು: ನನ್ನ ಅನುಭವ

ಮದುವೆ ಫೋಟೊಗಳನ್ನು ಕ್ಲೌಡಿಗೆ ಹಾಕುತ್ತೇನೆ ಅಂದಾಗ ಸಾಗರದ ಫೋಟೊಗ್ರಾಫರ್ ಗೆಳೆಯರು ನಕ್ಕರು. 'ಮಳೆಗಾಲದಲ್ಲಿ ಕರೆಂಟೇ ಇರಲ್ಲ, ನೆಟ್ ನಂಬ್ತೀಯಾ ಮಾರಾಯ?' ಅಂತ. ಈಗ ಅವರೇ ಹೆಂಗೆ ಅಂತ ಕೇಳುತ್ತಿದ್ದಾರೆ.

ನಮ್ಮ ಥಂಡಿಗೆ ಡಿವಿಡಿ ಬಾಳಲಿಲ್ಲ. ಬೆಳಕಿಗೆ ಹಿಡಿದರೆ ಬೂಷ್ಟಿನ ಬಿಳಿ ಎಳೆಗಳು ಕಾಣುತ್ತಿದ್ದವು. ಆಮೇಲೆ ಹಾರ್ಡ್ ಡಿಸ್ಕ್ ಶುರು. ವಿಡಿಯೊ ಸೇರಿ ಮದುವೆಗೆ 250 ಜಿಬಿ, ಎರಡೆರಡು ಪ್ರತಿ. ವರ್ಷಕ್ಕೆ ಡಿಸ್ಕಿಗೇ ನಲವತ್ತು ಸಾವಿರ ಹೋಗುತ್ತಿತ್ತು. ಒಂದು ಡಿಸ್ಕ್ ಟಿಕ್ ಟಿಕ್ ಅನ್ನತೊಡಗಿ ನಿಂತೇ ಹೋಯಿತು. ಅದರ ಜೋಡಿ ಪ್ರತಿ ಅದಕ್ಕೂ ಮೊದಲೇ ಹೋಗಿತ್ತು. ಬೆಂಗಳೂರಿನ ರಿಕವರಿಯವರು ಇಪ್ಪತ್ತೈದು ಸಾವಿರ ತಗೊಂಡು ಅರ್ಧ ಫೋಟೊ ಕೊಟ್ಟರು.

ಗೂಗಲ್ ಫೋಟೋಸಿನ ಪುಕ್ಕಟೆ ಕಾಲ 2021ರ ಜೂನ್ 1ಕ್ಕೇ ಮುಗಿಯಿತು. ಅದು ಫೋಟೊ ಕುಗ್ಗಿಸಿ ಇಡುತ್ತಿತ್ತು, ನಮ್ಮ ಕೆಲಸಕ್ಕೆ ಹೇಗೂ ಬರುತ್ತಿರಲಿಲ್ಲ.

ಈಗ ರಾ ಫೈಲುಗಳೆಲ್ಲ, ಅಂದರೆ ಕ್ಯಾಮೆರಾದ ಮೂಲ ಫೋಟೊಗಳೆಲ್ಲ, ಅಮೆಜಾನಿನ ಗ್ಲೇಸಿಯರ್ ಡೀಪ್ ಆರ್ಕೈವ್‌ನಲ್ಲಿವೆ, ಮುಂಬೈ ರೀಜನ್. ಅಪರೂಪಕ್ಕೆ ಬೇಕಾಗುವ ಫೈಲುಗಳನ್ನು ಅಗ್ಗಕ್ಕೆ ಇಡುವ ಕ್ಲೌಡ್ ಉಗ್ರಾಣ ಅದು. ಟಿಬಿಗೆ ತಿಂಗಳಿಗೆ ಇನ್ನೂರು ರೂಪಾಯಿ ಆಸುಪಾಸು. ಆರ್‌ಕ್ಲೋನ್ ಅನ್ನೋ ಅಪ್‌ಲೋಡ್ ಸಾಫ್ಟ್‌ವೇರ್ ರಾತ್ರಿ ತಾನೇ ಓಡುತ್ತದೆ. 100 ಎಂಬಿಪಿಎಸ್ ಲೈನಿನಲ್ಲಿ 100 ಜಿಬಿಗೆ ಮೂರು ಗಂಟೆ ಸಾಕು ಅಂತ ಲೆಕ್ಕ, ಇಲ್ಲಿ ಬೆಳಗಾಗುತ್ತದೆ. ಕರೆಂಟ್ ಹೋದರೆ ಮುಗಿದ ಫೈಲುಗಳನ್ನು ಬಿಟ್ಟು ಉಳಿದವನ್ನಷ್ಟೇ ಹಾಕುತ್ತದೆ. ಸಣ್ಣ ಜೆಪೆಗ್‌ಗಳನ್ನು ಬಿಡಿಬಿಡಿಯಾಗಿ ಹಾಕಬೇಡಿ. ಫೈಲಿನ ಲೆಕ್ಕದಲ್ಲೂ ದುಡ್ಡು ಕೀಳುತ್ತಾರೆ, ಹಲವನ್ನು ಒಂದೇ ಫೈಲಾಗಿ ಕಟ್ಟು ಕಟ್ಟಿ ಕಳಿಸಿ. ಯಾವ ಗಾತ್ರದ ಕಟ್ಟು, ಯಾವ ಹೆಸರು ಅನ್ನೋದು ನನ್ನ ಗುಟ್ಟು.

ನಿಜವಾದ ಉಳಿತಾಯ ಬೇರೆ ಕಡೆ ಆಯಿತು. ಡಿಸ್ಕ್ ಇದ್ದಾಗ ಮಸುಕಾದ ಫೋಟೊ ಅಳಿಸಲೂ ಮನಸ್ಸು ಬರುತ್ತಿರಲಿಲ್ಲ, ದುಡ್ಡು ಕೊಟ್ಟಾಗಿದೆ ಅಲ್ವಾ. ತಿಂಗಳಿಗೊಮ್ಮೆ ಬಿಲ್ ಬರತೊಡಗಿದ ಮೇಲೆ ಕೈ ತಾನಾಗಿ ಡಿಲೀಟ್ ಬಟನ್ನಿಗೆ ಹೋಗುತ್ತದೆ. ಆಲ್ಬಮ್ ಕೊಟ್ಟ ಮೇಲೆ 250 ಜಿಬಿ ನೂರಕ್ಕೆ ಇಳಿಯುತ್ತದೆ. ಹಾಕುವ ಮೊದಲೇ ಅಳಿಸಿ. ಹಾಕಿದ ಮೇಲೆ ಬೇಗ ಅಳಿಸಿದರೂ 180 ದಿನದ ಬಾಡಿಗೆ ತಪ್ಪಲ್ಲ.

ನಡುವೆ ಸುಮ್ನೆ ಒಂದು ಹಳೆ ಫೋನಿಗೆ ಟರ್ಮಕ್ಸ್ (ಫೋನಿನಲ್ಲಿ ಕಂಪ್ಯೂಟರಿನ ಕಮಾಂಡ್ ಓಡಿಸುವ ಆ್ಯಪ್) ಹಾಕಿ ಅದರಿಂದಲೇ ಅಪ್‌ಲೋಡ್ ಮಾಡಿಸಿ ನೋಡಿದೆ. ಡಿಸ್ಕಿಗೆ ಫೋನಿನ ಪವರ್ ಸಾಲಲಿಲ್ಲ. ಪವರ್ ಇರುವ ಹಬ್ ತಂದೆ. ವಾರದೊಳಗೆ ಬ್ಯಾಟರಿ ಊದಿಕೊಂಡಿತು.

ಲ್ಯಾಪ್‌ಟಾಪ್ ಈಗ 512 ಜಿಬಿಯದು, ಮೊದಲಾಗಿದ್ದರೆ ಎರಡು ಟಿಬಿಯದೇ ಬೇಕು ಅನ್ನುತ್ತಿದ್ದೆ. ಒಂದೇ ಒಂದು ಡಿಸ್ಕ್ ಉಳಿಸಿದ್ದೇನೆ, ಈ ಸೀಸನ್ನಿನ ಕೆಲಸ ಮುಗಿಯುವವರೆಗೆ. ಹುಡುಗ-ಹುಡುಗಿಗೆ ಲಿಂಕ್ ಸಾಕು, ಮನೆಯ ಹಿರಿಯರು ಮಾತ್ರ ಪೆನ್‌ಡ್ರೈವ್ ಕೈಗೆ ಬರದೆ ಬಾಕಿ ಹಣ ಕೊಡಲ್ಲ.

ಇಡುವುದು ಅಗ್ಗ, ಇಳಿಸಿಕೊಳ್ಳುವುದು ದುಬಾರಿ. ತಿಂಗಳಿಗೆ 100 ಜಿಬಿ ಬಿಟ್ಟಿ, ಆಮೇಲೆ ಜಿಬಿಗೆ ಒಂಬತ್ತು-ಹತ್ತು ರೂಪಾಯಿ. ಉಗ್ರಾಣದಲ್ಲಿ ಮಲಗಿದ ಫೈಲ್ ಎಚ್ಚರಗೊಂಡು ಇಳಿಸಲು ಸಿದ್ಧವಾಗಲೇ ಹನ್ನೆರಡು ತಾಸಿನವರೆಗೆ ಬೇಕು. ಅದಕ್ಕೇ ಹಳೆ ಮದುವೆಯ ಫೋಟೊ ಕೇಳಿ ಬಂದವರಿಗೆ ಎರಡು ಸಾವಿರ, ಎರಡು ದಿನ ಅನ್ನುತ್ತೇನೆ. ಇದುವರೆಗೆ ಯಾರೂ ಚೌಕಾಸಿ ಮಾಡಿಲ್ಲ.